ತಾನಾಗಿ ಮರಳದ ಸ್ಟೀರಿಂಗ್: ಕಾರಟಗಿಯ ಹದಿನೈದು ವರ್ಷದ ಕಾರೊಂದರ ಪ್ರಕರಣ

"ಸದ್ದು ಬರುತ್ತಿದೆ" ಎಂಬ ಎರಡೇ ಮಾತನ್ನು ಹೊತ್ತುಕೊಂಡು ಆ ಕಾರು ಒಂದು ವರ್ಷದೊಳಗೆ ಮೂರು ಗ್ಯಾರೇಜುಗಳನ್ನು ಸುತ್ತಿ ಬಂದಿತ್ತು. ನಾಲ್ಕನೆಯ ಸರದಿ ನನ್ನದಾಯಿತು. ನಾನು ಗಂಗಾವತಿಯಲ್ಲಿ ಐಟಿಐ ಹುಡುಗರಿಗೆ ಮೋಟಾರು ವಾಹನದ ಕೆಲಸ ಕಲಿಸುವವನು. ಕಾರು ಕಾರಟಗಿಯಲ್ಲಿರುವ ನನ್ನ ಅಕ್ಕನ ಮನೆಯದು. ಬಂಧುಗಳ ಕಾರಿಗೆ ಕೈ ಹಾಕಬಾರದು ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ಕೆಟ್ಟರೆ ಮದುವೆ ಮುಂಜಿಗಳಲ್ಲೆಲ್ಲ ಅದೇ ಸುದ್ದಿ, ಸರಿಹೋದರೆ ಕೂಲಿ ಇಲ್ಲ. ಆದರೂ ಒಪ್ಪಿಕೊಂಡೆ. ಕಾರಣ, ಮೂರನೆಯ ಗ್ಯಾರೇಜಿನವರು ಕೊಟ್ಟಿದ್ದ 22,000 ರೂಪಾಯಿಯ ಅಂದಾಜು ಚೀಟಿ. ಸ್ಟೀರಿಂಗ್ ರ‍್ಯಾಕ್ ಪೂರ್ತಿ ಹೋಗಿದೆ, ಬದಲಿಸಲೇಬೇಕು ಎಂದು ಅದರಲ್ಲಿ ಬರೆದಿತ್ತು. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ದಂಡವೇ ಈ ರ‍್ಯಾಕ್.

ಕಾರು 2010ರ ಜೂನ್‌ನಲ್ಲಿ ನೋಂದಣಿಯಾದದ್ದು. ಕೆಎ 37 ಸಂಖ್ಯೆಯ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು 1,31,000 ಕಿಲೋಮೀಟರಿಗಿಂತ ತುಸು ಹೆಚ್ಚು. ಮುಂದಿನ ಎರಡೂ ಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದೇ ಕಂಬದಲ್ಲಿ ಸೇರಿರುವ ಜೋಡಣೆ), ರ‍್ಯಾಕ್ ಮತ್ತು ಪಿನಿಯನ್ ಮಾದರಿಯ ಸ್ಟೀರಿಂಗ್, ಅದಕ್ಕೆ ನೆರವಾಗಲು ಎಲೆಕ್ಟ್ರಿಕ್ ಮೋಟಾರ್. ನಾನು ಅದನ್ನು ನೋಡಿದ್ದು 2025ರ ಏಪ್ರಿಲ್‌ನಲ್ಲಿ, ಅಕ್ಕನ ಶಾಲೆಗೆ ಬೇಸಿಗೆ ರಜೆ ಬಿದ್ದ ಮೇಲೆ. ಇನ್ನೆರಡು ತಿಂಗಳಿಗೆ ಹದಿನೈದು ವರ್ಷ ತುಂಬುತ್ತಿತ್ತು. ಹದಿನೈದು ದಾಟಿದ ಖಾಸಗಿ ಕಾರನ್ನು ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬೇಕು. ಮೊದಲು 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ರ‍್ಯಾಕಿಗೆ ಇಪ್ಪತ್ತೆರಡು, ನವೀಕರಣಕ್ಕೆ ಐದು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಭಾವ ಈ ಕೂಡಿಕೆಯನ್ನು ಮನಸ್ಸಿನಲ್ಲೇ ಮಾಡಿ, ಬಂದಷ್ಟಕ್ಕೆ ಮಾರಿಬಿಡೋಣ ಎಂದು ನಿರ್ಧರಿಸಿದ್ದರು.

ಕಾರು ಓಡುವ ದಾರಿಯನ್ನು ಹೇಳದೆ ಅದರ ರೋಗ ಹೇಳಿದರೆ ಅರ್ಧ ಹೇಳಿದಂತೆ. ಕಾರಟಗಿಯ ಸುತ್ತ ಎಲ್ಲವೂ ಎರೆ ನೆಲ, ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಗೆದು ಹಿಂಡಿದ ಸೀರೆಯಂತೆ ಆಗುತ್ತದೆ. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಂದು ನಾಟಿ ಶುರುವಾಯಿತೆಂದರೆ ಟ್ರ್ಯಾಕ್ಟರುಗಳು ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಹಲ್ಲಿನ ಚಕ್ರ) ಬಿಚ್ಚದೆಯೇ ಗದ್ದೆಯಿಂದ ಗದ್ದೆಗೆ ಡಾಂಬರಿನ ಮೇಲೆ ಹೋಗುತ್ತವೆ. ಹಾಗೆ ಹೋಗಬಾರದೆಂಬುದು ಎಲ್ಲರಿಗೂ ಗೊತ್ತು. ರಸ್ತೆಯ ಮೈಮೇಲೆ ಸಾಲಾಗಿ ಮೂಡಿದ ಹಲ್ಲಿನ ಗುರುತುಗಳೂ ಎಲ್ಲರಿಗೂ ಕಾಣುತ್ತವೆ. ಇಂಥ ರಸ್ತೆಯಲ್ಲಿ ಅಕ್ಕ ದಿನಕ್ಕೆ ಹೋಗಿ ಬರುವುದು ಇಪ್ಪತ್ತೆರಡು ಕಿಲೋಮೀಟರ್. ಹೌದು, ಕಾರು ಓಡಿಸುವವಳು ಅಕ್ಕ. ಭಾವ ಗಿರಣಿಗೆ ಸೈಕಲ್ ಮೋಟಾರಿನಲ್ಲಿ ಹೋಗುತ್ತಾರೆ.

ಆದರೆ ಮೂರು ಗ್ಯಾರೇಜುಗಳಿಗೂ ಕಾರು ಒಯ್ದವರು ಭಾವ. ಈ ಪ್ರಕರಣದ ಗಂಟು ಇರುವುದು ಇಲ್ಲೇ ಎಂದು ನನಗೆ ಅನ್ನಿಸಿದ್ದು ಅಕ್ಕನನ್ನು ಕೂರಿಸಿಕೊಂಡು ಕೇಳಿದ ಮೇಲೆ.

"ಸದ್ದು ಇರಲಿ ಅಕ್ಕಾ, ಓಡಿಸುವಾಗ ನಿನ್ನ ಕೈಗೆ ಏನು ತಿಳಿಯುತ್ತದೆ ಅದನ್ನು ಹೇಳು" ಎಂದೆ.

"ತಮ್ಮಾ, ಮೊದಲು ತಿರುವಿನಲ್ಲಿ ತಿರುಗಿಸಿ ಬಿಟ್ಟರೆ ಸ್ಟೀರಿಂಗು ತಾನೇ ವಾಪಸ್ಸು ಬರುತ್ತಿತ್ತು. ಈಗ ನಾನೇ ಎಳೆದು ತರಬೇಕು. ಎಮ್ಮೆಯನ್ನು ಕೆರೆಯಿಂದ ಎಬ್ಬಿಸಿದ ಹಾಗೆ. ದಸರಾ ರಜೆ ಮುಗಿದು ಶಾಲೆ ಶುರುವಾದಾಗಿನಿಂದ ಹೀಗೇ ಇದೆ."

"ಇದನ್ನು ಗ್ಯಾರೇಜಿನಲ್ಲಿ ಹೇಳಲಿಲ್ಲವೇ?"

"ನನ್ನನ್ನು ಯಾರು ಕೇಳಿದರು? ಇವರು ಹೋದರು, ಸದ್ದು ಬರುತ್ತದೆ ಎಂದರು, ಬಂದರು."

ಗ್ಯಾರೇಜಿನವರನ್ನು ಬೈಯುವುದು ಸುಲಭ. ಅವರಿಗೆ ಸಿಕ್ಕ ದೂರು "ಸದ್ದು" ಮಾತ್ರ. ಹಿಂದಿನ ಆಗಸ್ಟ್‌ನಲ್ಲಿ ಒಬ್ಬರು ಎಡಗಡೆಯ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಹಿಡಿದಿಡುವ ತೋಳು) ಬಿಚ್ಚಿ ಅದರ ಬುಡದ ರಬ್ಬರ್ ಬುಷ್ ಹಾಕಿದ್ದರು, 700 ರೂಪಾಯಿ. ಸದ್ದು ಕಡಿಮೆಯಾಗಿ ಮತ್ತೆ ಬಂತು. ನವೆಂಬರಿನಲ್ಲಿ ಇನ್ನೊಬ್ಬರು ಮುಂದಿನ ಶಾಕ್ ಅಬ್ಸಾರ್ಬರುಗಳೆರಡನ್ನೂ ಬದಲಿಸಿದರು, ಕೂಲಿ ಸೇರಿ 5,800. ಎಡಗಡೆಯದು ಎಣ್ಣೆ ಸೋರುತ್ತಿತ್ತಂತೆ, ಹಾಗಾಗಿ ಆ ಕೆಲಸ ತಪ್ಪೆನ್ನಲಾರೆ. ಜನವರಿ, ಫೆಬ್ರುವರಿಯಲ್ಲಿ ಎರಡು ಬಾರಿ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್, 900. ಮಾರ್ಚ್‌ನಲ್ಲಿ ಮೂರನೆಯವರ ರ‍್ಯಾಕ್ ತೀರ್ಪು. ಒಟ್ಟು 7,400 ಖರ್ಚಾಗಿ ಕಾರು ಇದ್ದಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಆರು ಗಂಟೆಗೇ ಕೆಲಸ ಶುರು ಮಾಡಿದೆವು. ಹತ್ತರ ಮೇಲೆ ನಮ್ಮ ಸೀಮೆಯ ಬಿಸಿಲಿನಲ್ಲಿ ಬಾನೆಟ್ ಮುಟ್ಟುವ ಹಾಗಿರುವುದಿಲ್ಲ. ಮೊದಲ ಕೆಲಸ ಡಿಕ್ಕಿ ಖಾಲಿ ಮಾಡುವುದು. ಇದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ, ನಾನು ಮಾತ್ರ ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಜ್ಯಾಕು ಅದರ ಗೂಡಿನಿಂದ ಕಳಚಿ ಉರುಳಾಡುತ್ತಿತ್ತು. ಹುಲಿಗಿಗೆ ಹೋದಾಗ ಒಯ್ದಿದ್ದ ಪೂಜೆಯ ಸ್ಟೀಲ್ ಡಬ್ಬಿ, ಎರಡು ಒಣ ತೆಂಗಿನಕಾಯಿ, ಯಾರದೋ ಕಬ್ಬಿಣದ ಸಲಿಕೆಯ ತಲೆ. ಅವನ್ನೆಲ್ಲ ಇಳಿಸಿ ಬೀದಿಯ ಉಬ್ಬಿನ ಮೇಲೆ ಒಂದು ಸುತ್ತು ಹಾಕಿದಾಗ ಭಾವ ದೂರುತ್ತಿದ್ದ ಸದ್ದಿನಲ್ಲಿ ಮೂರರಲ್ಲೊಂದು ಪಾಲು ಹೋಗಿತ್ತು. ಭಾವನವರ ಮುಖ ನೋಡಲಿಲ್ಲ.

ಉಳಿದದ್ದು ನಿಜವಾದ ಕಾಯಿಲೆ. ಅಕ್ಕ ಓಡಿಸಿದಳು, ನಾನು ಪಕ್ಕದಲ್ಲಿ ಕುಳಿತೆ. ನಾಲೆಯ ಸೇತುವೆ ದಾಟಿ ಬಲಕ್ಕೆ ತಿರುಗುವ ಕಡೆ ಅವಳು ಹಿಡಿತ ಸಡಿಲಿಸಿದಳು. ಸ್ಟೀರಿಂಗು ಕಾಲುಭಾಗ ಬಂದು ಅಲ್ಲೇ ನಿಂತಿತು, ಕಾರು ಬಲಕ್ಕೇ ಎಳೆಯುತ್ತಿತ್ತು. ಮುಂದೆ ಎಡ ತಿರುವಿನಲ್ಲಿ ಅದೇ ಕಥೆ, ಈ ಸಲ ಎಡಕ್ಕೆ. ಆಮೇಲೆ ನಾನೇ ಹಿಡಿದೆ. ನಲವತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಮೂತಿ ಸ್ವಲ್ಪ ಎಡಕ್ಕೆ ಹೊರಳುತ್ತದೆ, ಆ ಕ್ಷಣದಲ್ಲೇ ಕಾಲಡಿಯಲ್ಲಿ ಒಂದು ಮೆತ್ತಗಿನ ಗುದ್ದು. ಮನೆಯ ಸಂದಿಯಿಂದ ರಿವರ್ಸ್ ತೆಗೆಯುತ್ತ ಪೂರ್ತಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಹಿಂದಿನಿಂದ ಬಂದಂತೆ "ಠಣ್" ಎಂಬ ಲೋಹದ ಸದ್ದು. ಅಂದರೆ ಸದ್ದು ಒಂದಲ್ಲ, ಎರಡು. ಒಂದು ಬ್ರೇಕಿಗೆ, ಗುಂಡಿಗೆ ಸಂಬಂಧಿಸಿದ ಗುದ್ದು. ಇನ್ನೊಂದು ಬರೀ ತಿರುಗಿಸಿದರೆ ಬರುವ ಠಣತ್ಕಾರ. ಒಂದೇ ಸದ್ದೆಂದು ಹುಡುಕಿದವರಿಗೆ ಎರಡೂ ಸಿಗಲಿಲ್ಲ.

ಕಾರಿನ ಮೈ ಎಂಬುದು ಒಂದೇ ಉಕ್ಕಿನ ಡಬ್ಬಿ. ಚಕ್ರದ ಬಳಿ ಹುಟ್ಟಿದ ಸದ್ದು ತಗಡಿನುದ್ದಕ್ಕೂ ಹರಿದು ಡ್ಯಾಶ್‌ಬೋರ್ಡಿನಲ್ಲಿ ಕೇಳಿಸುತ್ತದೆ. ಸ್ಟೀರಿಂಗ್ ಕಂಬದ ಕೆಳಗಿನ ಯು ಜಾಯಿಂಟು, ರ‍್ಯಾಕು, ಎಂಜಿನ್ ಮೌಂಟು ಎಲ್ಲವೂ ಹತ್ತಿರ ಹತ್ತಿರವೇ ಇರುವುದರಿಂದ ಕಿವಿ ಯಾವುದನ್ನು ಬೇಕಾದರೂ ಅಪರಾಧಿ ಮಾಡಬಹುದು. ಇಂಥಲ್ಲಿ ನಾನು ಕಿವಿಯನ್ನು ನಂಬುವುದಿಲ್ಲ, ಅಂಗೈಯನ್ನು ನಂಬುತ್ತೇನೆ.

ಕಾರನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿಗೆ ತಂದೆವು. ಶ್ರೀರಾಮನಗರ ದಾಟಿ ಗಂಗಾವತಿಗೆ ಬರುವ ರಸ್ತೆಯಲ್ಲಿದೆ, ಭಾನುವಾರ ಬಾಗಿಲು ಮುಚ್ಚಿರುತ್ತದೆ, ನಮಗಾಗಿ ತೆಗೆದಿದ್ದ. ಎಂಜಿನ್ ಚಾಲೂ ಇಟ್ಟು, ಚಕ್ರಗಳು ನೆಲದ ಮೇಲೇ ಇರುವಂತೆ, ಅಕ್ಕನಿಗೆ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಲು ಹೇಳಿದೆ. ನಾನು ಒಂದೊಂದೇ ಭಾಗದ ಮೇಲೆ ಕೈಯಿಟ್ಟು ನೋಡುತ್ತ ಹೋದೆ. ರ‍್ಯಾಕನ್ನು ಚಕ್ರಕ್ಕೆ ಕೂಡಿಸುವ ಕೀಲು, ಅಂದರೆ ಟೈ ರಾಡ್ ಎಂಡ್: ಅದುರು ಇಲ್ಲ, ಆದರೆ ಎಡಗಡೆಯದರ ರಬ್ಬರ್ ಹೊದಿಕೆ, ಅಂದರೆ ಬೂಟು, ಹರಿದು ಗ್ರೀಸ್ ಹೊರಗೆ ಬಂದಿತ್ತು. ರ‍್ಯಾಕಿನ ಮೈ: ಸದ್ದಾಗುವಾಗಲೂ ಸುಮ್ಮನಿತ್ತು. ಬಲಗಡೆಯ ಸ್ಪ್ರಿಂಗ್: ಸ್ಟ್ರಟ್ಟಿನ ಜೊತೆಗೆ ಸರಾಗವಾಗಿ ತಿರುಗುತ್ತಿತ್ತು. ಎಡಗಡೆಯ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟೆ. ಬೆರಳು ಸುರುಳಿಗಳ ನಡುವೆ ಹೋಗದಂತೆ ಹೊರಗಿನಿಂದ ಸವರಿದಂತೆ ಇಡಬೇಕು, ಅಷ್ಟು ಎಚ್ಚರ ಬೇಕು. ಅಕ್ಕ ತಿರುಗಿಸಿದಂತೆ ಸ್ಪ್ರಿಂಗಿನ ಕೆಳಸುರುಳಿ ತಿರುಗುತ್ತದೆ, ಮೇಲಿನದು ನಿಂತೇ ಇರುತ್ತದೆ. ಒಗೆದ ಸೀರೆಯನ್ನು ಇಬ್ಬರು ಹಿಡಿದು ಹಿಂಡಿದಂತೆ ಸ್ಪ್ರಿಂಗು ಮುರಿಗೆ ತಿನ್ನುತ್ತ ಬಿಗಿಯಾಗುತ್ತ ಹೋಗಿ, ಇನ್ನು ತಾಳಲಾರದೆ ಒಮ್ಮೆಲೇ ಜಾರಿ ನೆಗೆಯಿತು. ಠಣ್. ಅಂಗೈಗೆ ಚೇಳು ಕುಟುಕಿದಂತೆ ಆಯಿತು.

"ಸರ್, ಮೇಲಿನ ಬೇರಿಂಗ್" ಎಂದ ಹುಡುಗ. ಅವನಿಗೆ ಪಾಠ ಮರೆತಿರಲಿಲ್ಲ.

ಸ್ಟ್ರಟ್ಟಿನ ನೆತ್ತಿಯಲ್ಲಿ, ಬಾನೆಟ್ಟಿನ ಕೆಳಗೆ ಬಟ್ಟಲಿನಂತೆ ಕಾಣುವ ಕಡೆ, ರಬ್ಬರಿನ ಮೌಂಟು ಮತ್ತು ಅದರಡಿಯಲ್ಲಿ ಒಂದು ಚಪ್ಪಟೆ ಬೇರಿಂಗು ಇರುತ್ತವೆ. ಸ್ಟೀರಿಂಗ್ ತಿರುಗಿದಾಗ ಸ್ಟ್ರಟ್ಟು, ಸ್ಪ್ರಿಂಗು, ಚಕ್ರ ಒಟ್ಟಿಗೆ ತಿರುಗಬೇಕು, ಕಾರಿನ ಮೈ ನಿಂತಿರಬೇಕು. ಆ ಎರಡರ ನಡುವೆ ಜಾರುವ ಕೆಲಸ ಈ ಬೇರಿಂಗಿನದು. ಅದು ಬಿಗಿದುಕೊಂಡರೆ ತಿರುಗುವುದು ಬೇರಿಂಗಲ್ಲ, ಸ್ಪ್ರಿಂಗು. ತಿರುಚಿಕೊಂಡ ಸ್ಪ್ರಿಂಗು ಎಲ್ಲಿ ಜಾರಿ ನಿಂತಿತೋ ಅದನ್ನೇ ನೇರವೆಂದು ತಿಳಿದು ಚಕ್ರವನ್ನು ಅತ್ತಲೇ ತಳ್ಳುತ್ತದೆ. ಬಲಕ್ಕೆ ತಿರುಗಿ ಬಂದ ಕಾರು ಬಲಕ್ಕೆ, ಎಡಕ್ಕೆ ತಿರುಗಿ ಬಂದದ್ದು ಎಡಕ್ಕೆ ಎಳೆಯುತ್ತಿದ್ದುದು ಹೀಗೆ.

ಸ್ಟೀರಿಂಗ್ ತಾನಾಗಿ ಮರಳುವುದು ಪವರ್ ಸ್ಟೀರಿಂಗಿನ ಮೋಟಾರಿನಿಂದ ಎಂದು ಅನೇಕರು ತಿಳಿದಿದ್ದಾರೆ. ಮುಖ್ಯವಾಗಿ ಅದು ಚಕ್ರದ ಓರೆಯಿಂದ ಆಗುವ ಕೆಲಸ. ಚಕ್ರ ತಿರುಗುವ ಅಕ್ಷ ಮೇಲ್ಗಡೆ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ, ಸೈಕಲ್ಲಿನ ಮುಂದಿನ ಫೋರ್ಕಿನಂತೆ. ಇದನ್ನು ಕ್ಯಾಸ್ಟರ್ ಎನ್ನುತ್ತಾರೆ. ಈ ಓರೆಯಿಂದಾಗಿ ಓಡುವ ಚಕ್ರ ನೇರವಾಗಲು ಹವಣಿಸುತ್ತದೆ. ಆ ಹವಣಿಕೆಗಿಂತ ಬೇರಿಂಗಿನ ಬಿಗಿ ಹೆಚ್ಚಾದರೆ ಚಕ್ರ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಮೋಟಾರು ಮಾಡುವ ಉಪಕಾರ ಬೇರೆ ಬಗೆಯದು: ನಮ್ಮ ಕೈ ಯಾವ ಕಡೆಗೆ ಬಲ ಹಾಕುತ್ತದೋ ಅದು ಆ ಕಡೆಗೆ ತಳ್ಳುತ್ತದೆ. ಆದ್ದರಿಂದ ನಿಂತಲ್ಲಿ ತಿರುಗಿಸಿ ನೋಡಿದ ಮೂರನೆಯ ಗ್ಯಾರೇಜಿನವರಿಗೆ ಬಿಗಿ ಅಷ್ಟಾಗಿ ತಿಳಿದಿರಲಾರದು, ಮೋಟಾರು ಅದನ್ನು ಮುಚ್ಚಿಟ್ಟಿತ್ತು. ಕೈ ಬಿಟ್ಟಾಗ ಏನಾಗುತ್ತದೆ ಎಂಬುದು ದಿನವೂ ಓಡಿಸುವವಳಿಗೆ ಮಾತ್ರ ಗೊತ್ತಿತ್ತು.

ಆದರೂ 22,000ದ ಚೀಟಿಗೆ ಉತ್ತರ ಕೊಡಬೇಕಲ್ಲ. ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಎರಡೂ ಟೈ ರಾಡ್ ಎಂಡುಗಳ ಸ್ಪ್ಲಿಟ್ ಪಿನ್ ತೆಗೆದು, ನಟ್ಟು ಬಿಚ್ಚಿ, ಚಕ್ರದ ಕಡೆಯಿಂದ ಕಳಚಿದೆವು. ಈಗ ರ‍್ಯಾಕಿಗೂ ಚಕ್ರಕ್ಕೂ ಸಂಬಂಧವಿಲ್ಲ. ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಬೆಣ್ಣೆಯಂತೆ ಹೋಯಿತು, ಎಲ್ಲಿಯೂ ತಡೆಯಿಲ್ಲ, ಸದ್ದಿಲ್ಲ, ನಡುವೆ ಸಡಿಲವೂ ಇಲ್ಲ. ಬಲಗಡೆಯ ಚಕ್ರದ ಗುಂಬವನ್ನು (ಹಬ್) ಎರಡು ಬೆರಳಲ್ಲಿ ತಿರುಗಿಸಿದೆ. ಎಡಗಡೆಯದಕ್ಕೆ ಎರಡೂ ಕೈ ಬೇಕಾಯಿತು. ಭಾವನವರನ್ನು ಕರೆದು ಅವರ ಕೈಯಿಂದಲೇ ಎರಡನ್ನೂ ತಿರುಗಿಸಿಸಿದೆ. ಲೆಕ್ಕ ಬರೆಯುವವರು, ಎರಡನೆಯ ಸಲ ಪರಿಶೀಲಿಸದೆ ಒಪ್ಪುವವರಲ್ಲ. ಮತ್ತೆ ಬಲಗಡೆ ಹೋಗಿ ತಿರುಗಿಸಿ ಬಂದು, ಆ ಚೀಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

ಉಳಿದ ಸದ್ದು, ಬ್ರೇಕಿನ ಗುದ್ದು, ಬೇಗ ಸಿಕ್ಕಿತು. ಚಕ್ರವನ್ನು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲುಗಿಸಿದರೆ ಟೈ ರಾಡಿನ ಸಡಿಲ ತಿಳಿಯುತ್ತದೆ. ಇದನ್ನು ಟೈ ರಾಡ್ ಕಳಚುವ ಮೊದಲೇ ನೋಡಿಕೊಂಡಿದ್ದೆವು. ಹನ್ನೆರಡು ಮತ್ತು ಆರರಲ್ಲಿ ಹಿಡಿದರೆ ಬಾಲ್ ಜಾಯಿಂಟು (ಲೋವರ್ ಆರ್ಮಿನ ಚಕ್ರದ ಕಡೆಯ ಕೀಲು), ವೀಲ್ ಬೇರಿಂಗು. ಎರಡೂ ಗಟ್ಟಿ. ಲೋವರ್ ಆರ್ಮಿನ ಬುಡಕ್ಕೆ ಉದ್ದನೆಯ ಟಾಮಿ ಹಾಕಿ ಮೀಟಿದಾಗ ಹಿಂದಿನ ಬುಷ್ಷಿನ ರಬ್ಬರು ಬಾಯಿ ಬಿಟ್ಟಿತು. ಒಳಗಿನ ಉಕ್ಕಿನ ಕೊಳವೆ ಒಂದು ಕಡೆ, ರಬ್ಬರು ಇನ್ನೊಂದು ಕಡೆ. ಬ್ರೇಕ್ ಹಾಕಿದಾಗ ಆರ್ಮು ಹಿಂದಕ್ಕೆ ಜರುಗಿ ಉಕ್ಕಿಗೆ ಉಕ್ಕು ಬಡಿಯುತ್ತಿತ್ತು, ಚಕ್ರದ ಕೋನ ಆ ಕ್ಷಣಕ್ಕೆ ಬದಲಾಗಿ ಮೂತಿ ಎಡಕ್ಕೆ ಹೊರಳುತ್ತಿತ್ತು. ಅಲೈನ್‌ಮೆಂಟ್ ಯಂತ್ರ ಎರಡು ಸಲವೂ ಎಲ್ಲ ಸರಿಯಿದೆ ಎಂದು ಮುದ್ರಿಸಿಕೊಟ್ಟದ್ದು ಸುಳ್ಳಲ್ಲ. ಅದು ನಿಂತ ಕಾರನ್ನು ಅಳೆಯುತ್ತದೆ. ಟೈರು ಮಾತ್ರ ಸತ್ಯ ಬರೆದಿಟ್ಟಿತ್ತು: ಎಡ ಟೈರಿನ ಅಗಲಕ್ಕೆ ಅಂಗೈ ಸವರಿದರೆ ಒಂದು ದಿಕ್ಕಿನಲ್ಲಿ ನುಣುಪು, ಹಿಂದಕ್ಕೆ ಎಳೆದರೆ ಗರಗಸ.

ಎಂಟೇ ತಿಂಗಳ ಹಿಂದೆ ಹಾಕಿದ ಬುಷ್ ಹರಿದದ್ದೇಕೆ? ಕಳಪೆ ಮಾಲು ಎಂದು ಹೇಳಿ ಮುಗಿಸಬಹುದಿತ್ತು. ನನ್ನ ಅನುಮಾನ ಬೇರೆ. ಇಂಥ ಬುಷ್ಷಿನಲ್ಲಿ ರಬ್ಬರು ಒಳಕೊಳವೆಗೆ ಅಂಟಿಕೊಂಡಿರುತ್ತದೆ, ಅಡ್ಡ ಬೋಲ್ಟು ಆ ಕೊಳವೆಯನ್ನು ಬಿಗಿದು ಹಿಡಿಯುತ್ತದೆ. ಆರ್ಮು ಮೇಲೆ ಕೆಳಗೆ ಆಡುವಾಗ ರಬ್ಬರು ತಿರುಚಿ ಬಿಡುತ್ತದೆ. ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟು ಬಿಗಿದರೆ ರಬ್ಬರಿಗೆ ಆ ಜೋತುಬಿದ್ದ ಸ್ಥಿತಿಯೇ ವಿಶ್ರಾಂತಿಯ ಸ್ಥಿತಿ. ಕಾರು ಇಳಿಸಿದೊಡನೆ ರಬ್ಬರು ತಿರುಚಿಕೊಂಡು, ಹಗಲು ರಾತ್ರಿ ಹಾಗೇ ನಿಲ್ಲುತ್ತದೆ. ಸಾಲದ್ದಕ್ಕೆ ನಮ್ಮ ರಸ್ತೆ. ಬೋಲ್ಟುಗಳನ್ನು ಕೈಬಿಗಿಯಲ್ಲಿಟ್ಟು, ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಬಿಗಿ ಕೊಡಬೇಕು. ಎತ್ತುವ ಯಂತ್ರದ ಕೆಳಗೆ ನಿಂತು ಆರಾಮಾಗಿ ಬಿಗಿಯುವುದನ್ನು ಬಿಟ್ಟು, ಇಳಿಸಿ, ಮತ್ತೆ ಪಿಟ್ಟಿಗಿಳಿದು ಬಿಗಿಯುವ ತಾಳ್ಮೆ ಎಷ್ಟು ಜನಕ್ಕಿದೆ? ನನಗೂ ಕಸುಬಿನ ಮೊದಲ ವರ್ಷಗಳಲ್ಲಿ ಇರಲಿಲ್ಲ.

ಸ್ಟ್ರಟ್ಟನ್ನು ಇಳಿಸಿ, ಸ್ಪ್ರಿಂಗಿಗೆ ಕಂಪ್ರೆಸರ್ ಹಾಕಿ ಕುಗ್ಗಿಸಿದ ಮೇಲೆಯೇ ನೆತ್ತಿಯ ನಟ್ಟು ಬಿಚ್ಚಿದೆವು. ಇದನ್ನು ಹಗ್ಗ, ತಂತಿ ಕಟ್ಟಿ ಮಾಡುವವರನ್ನು ಕಂಡಿದ್ದೇನೆ. ಆ ಸ್ಪ್ರಿಂಗು ಬಿಡಿಸಿಕೊಂಡರೆ ದವಡೆ ಉಳಿಯುವುದಿಲ್ಲ. ಬೇರಿಂಗು ಕೈಗೆ ಬಂತು. ಒಳಗೆ ಗ್ರೀಸಿನ ಬದಲು ಬೂದು ಬಣ್ಣದ ಗಟ್ಟಿ ಗಾರೆ. ಕಾರಟಗಿಯಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ಗಾಳಿಯಲ್ಲೇ ಇರುತ್ತದೆ, ಒಣಗಲು ಹಾಕಿದ ಬಿಳಿ ಅಂಗಿಯನ್ನು ಕೇಳಿದರೆ ಹೇಳುತ್ತದೆ. ಆ ಬೂದಿಯ ಬಹುಪಾಲು ಸಿಲಿಕಾ, ಅಂದರೆ ಉಜ್ಜುವ ಪುಡಿ. ಇದು ಅದೋ, ಎರೆಯ ಧೂಳೋ, ಎರಡೂ ಸೇರಿದ್ದೋ, ಪರೀಕ್ಷೆಗೆ ಕಳಿಸುವಷ್ಟು ದೊಡ್ಡ ವಿಷಯವಲ್ಲ. ನೆತ್ತಿಯ ಮೇಲಿರಬೇಕಾದ ರಬ್ಬರ್ ಟೋಪಿ ಎಡಗಡೆ ಇರಲಿಲ್ಲ, ಬಲಗಡೆ ಇತ್ತು. ನನಗೆ ಅಷ್ಟು ಸಾಕು.

ಬೇಸರವಾದದ್ದು ಒಂದಕ್ಕೆ. ನವೆಂಬರಿನಲ್ಲಿ ಶಾಕ್ ಅಬ್ಸಾರ್ಬರ್ ಬದಲಿಸುವಾಗ ಇದೇ ಬೇರಿಂಗನ್ನು ತೆಗೆದು, ಪಕ್ಕಕ್ಕಿಟ್ಟು, ಹೊಸ ಸ್ಟ್ರಟ್ಟಿನ ಮೇಲೆ ಮತ್ತೆ ಕೂರಿಸಿದ್ದಾರೆ. ಆ ಹೊತ್ತಿಗಾಗಲೇ ಅಕ್ಕನ ದೂರಿಗೆ ಒಂದು ತಿಂಗಳಾಗಿತ್ತು. ಅದು ಅವರ ಅಂಗೈಯಲ್ಲೇ ಇತ್ತು. ಒಮ್ಮೆ ತಿರುಗಿಸಿ ನೋಡಿದ್ದರೆ ಮುಗಿಯುತ್ತಿತ್ತು.

ಎರಡೂ ಕಡೆಯ ಮೌಂಟು, ಬೇರಿಂಗು, ಟೋಪಿಗೆ 2,600. ಎಡಗಡೆಗೆ ಬುಷ್ಷು, ಬಾಲ್ ಜಾಯಿಂಟು ಸಮೇತ ಹೊಸ ಲೋವರ್ ಆರ್ಮ್ 1,650. ಎಡ ಟೈ ರಾಡ್ ಎಂಡ್ 450. ಅದರಲ್ಲಿ ಸಡಿಲವಿರಲಿಲ್ಲ, ಆದರೆ ಬೂಟು ಹರಿದು ಧೂಳು ಹೊಕ್ಕ ಮೇಲೆ ಅದರ ಆಯುಸ್ಸು ಯಾರಿಗೂ ಗೊತ್ತಿರುವುದಿಲ್ಲ, ಅದು ಕಳಚಿದರೆ ಚಕ್ರ ತನಗೆ ತೋಚಿದ ಕಡೆ ತಿರುಗುತ್ತದೆ. ಸಡಿಲವಾಗಲಿ ಎಂದು ಕಾಯುವ ಭಾಗ ಅದಲ್ಲ. ಹುಡುಗನ ಕೂಲಿ 2,200, ಬೇಡವೆಂದವನ ಜೇಬಿಗೆ ಅಕ್ಕನೇ ತುರುಕಿದಳು. ಕೊನೆಯಲ್ಲಿ ಒಂದು ಅಲೈನ್‌ಮೆಂಟ್ 450. ಒಟ್ಟು 7,350. ಬಲಗಡೆಯ ಆರ್ಮಿನ ಬುಷ್ಷಿನಲ್ಲಿ ಮೇಲ್ಮೈ ಬಿರುಕುಗಳಿದ್ದವು, ಟಾಮಿಗೆ ಬಾಯಿ ಬಿಡಲಿಲ್ಲ. ಜೋಡಿಯಾಗಿಯೇ ಬದಲಿಸಬೇಕು ಎನ್ನುವವರಿದ್ದಾರೆ. ನಾನು ಹಾಗೇ ಬಿಟ್ಟೆ, ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಮೀಟಿ ನೋಡಬೇಕೆಂದು ಭಾವನವರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ನೋಂದಣಿ ನವೀಕರಣವಾಯಿತು, ಮಾರುವ ಮಾತು ನಿಂತಿತು. ಶಾಲೆ ಶುರುವಾಗಿ ಹದಿನೈದು ದಿನಕ್ಕೆ ಭಾವನವರ ಕರೆ ಬಂತು: ಮತ್ತೆ ಸದ್ದು. ಫೋನನ್ನು ಅಕ್ಕನಿಗೆ ಕೊಡಿ ಎಂದೆ.

"ಸ್ಟೀರಿಂಗು ಚೆನ್ನಾಗಿದೆ ತಮ್ಮಾ. ನಾಲೆಯ ತಿರುವಿನಲ್ಲಿ ಬಿಟ್ಟರೆ ಕೈಯೊಳಗೇ ಜಾರಿಕೊಂಡು ತಾನೇ ವಾಪಸ್ಸು ಬರುತ್ತದೆ" ಎಂದಳು. "ಪೂಜೆಯ ಡಬ್ಬಿಯನ್ನು ಇವರು ಮತ್ತೆ ಡಿಕ್ಕಿಯಲ್ಲಿ ಇಟ್ಟಿದ್ದಾರೆ."